ಕೆಂಪವ್ವನ ತವರುಮನೆ

ಒಂದು ನಿಮಿಷ ತಡೀರಿ. ಸೀನು ಬರುತ್ತಿದೆ. ಇದು ಮುಗಿದುಬಿಡಲಿ, ಆಮೇಲೆ ಮಾತಾಡೋಣ.

ಹಾಂ, ಬಂತು. ಒಂದರ ಬೆನ್ನಿಗೆ ಇನ್ನೊಂದು. ನೆಗಡಿ ಅಂದುಕೊಳ್ಳಬೇಡಿ. ಗಾಡಿ ತೊಳೆಯೋಣ ಅಂತ ಈಗಷ್ಟೇ ಅದರ ಬಗಲಿನ ಟೂಲ್ ಬಾಕ್ಸಿನ ಮುಚ್ಚಳ ತೆಗೆದಿದ್ದೆ. ಒಳಗೆ ಸ್ಪ್ಯಾನರು, ಹಳೇ ಪ್ಲಗ್ಗು, ಮಡಚಿಟ್ಟ ಒಂದು ಬಟ್ಟೆ. ತಳದಲ್ಲಿ ಒಂದಿಷ್ಟು ಅಕ್ಕಿಕಾಳು, ಜೊತೆಗೆ ಮುಟ್ಟಿದರೆ ಪುಡಿಯಾಗುವ ಒಣಮೆಣಸಿನಕಾಯಿ. ಬ್ಯಾಡಗಿಯದು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಮೂಗಿಗೆ ಅದನ್ನು ಯಾರೂ ಹೇಳಿಲ್ಲ.

ಬೈಕಿನ ಟೂಲ್ ಬಾಕ್ಸಿನಲ್ಲಿ ಅಕ್ಕಿ, ಮೆಣಸಿನಕಾಯಿ ಯಾಕೆ ಅಂತ ಕೇಳುತ್ತೀರಲ್ಲವೇ? ಅದನ್ನು ಹೇಳಬೇಕೆಂದೇ ಕೂತಿದ್ದೇನೆ. ಬೆರಳಿಗೆ ಇನ್ನೂ ಎಣ್ಣೆ ಹತ್ತಿದೆ, ಕೀಬೋರ್ಡು ಜಾರುತ್ತಿದೆ. ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಮೊದಲು ನಮ್ಮ ಮನೆಯ ಒಂದು ಚಟದ ಬಗ್ಗೆ ಹೇಳಬೇಕು. ಹಾವೇರಿಯ ನಮ್ಮ ಮನೆಯಲ್ಲಿ ಗಾಲಿ ಇರುವ ಯಾವುದಕ್ಕೂ ಹೆಸರಿಡದೆ ಒಳಗೆ ಸೇರಿಸುವುದಿಲ್ಲ. ಹೆಸರಿಡುವ ಅಧಿಕಾರ ಆಯಿಯದು, ಅಂದರೆ ನನ್ನ ಅಪ್ಪನ ತಾಯಿಯದು. ಹೊಸ ಗಾಡಿ ಬಂದರೆ ಆಯಿ ಹೊರಗೆ ಬಂದು ಅದರ ಸುತ್ತ ಒಂದು ಸುತ್ತು ಹಾಕುತ್ತಾಳೆ. ಸೀಟು ಒತ್ತಿ ನೋಡುತ್ತಾಳೆ. ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಸದ್ದು ಕೇಳುತ್ತಾಳೆ. ಆಮೇಲೆ ಗಂಡೋ ಹೆಣ್ಣೋ ತೀರ್ಮಾನವಾಗುತ್ತದೆ, ಹೆಸರು ಅದರ ಹಿಂದೆ ಬರುತ್ತದೆ. ಅಪ್ಪನ ಸ್ಕೂಟರು ‘ಸಾವಕಾರ’. ಅದನ್ನು ಎಡಕ್ಕೆ ವಾಲಿಸಿ ನಮಸ್ಕಾರ ಮಾಡಿದಂತೆ ಬಗ್ಗಿದರೆ ಮಾತ್ರ ಚಾಲೂ ಆಗುತ್ತಿತ್ತು. ಹೊಲಕ್ಕೆ ಗೊಬ್ಬರದ ಚೀಲ, ಹಾಲಿನ ಕ್ಯಾನು, ಒಮ್ಮೊಮ್ಮೆ ಆಯಿಯನ್ನೂ ಹೊತ್ತು ತಿರುಗಿದ ಮೊಪೆಡ್ಡು ‘ಗಂಗಿ’. ನಾನು ಕಾಲೇಜಿಗೆ ತುಳಿದುಕೊಂಡು ಹೋಗುತ್ತಿದ್ದ ಸೈಕಲ್ಲು ‘ಬಾಳ್ಯಾ’.

“ಆಯಿ, ಗಂಡು ಯಾವ್ದು, ಹೆಣ್ಣು ಯಾವ್ದು ಅಂತ ಹೆಂಗ ಗೊತ್ತಾಗ್ತೈತಿ?” ಅಂತ ಸಣ್ಣವನಿದ್ದಾಗ ಕೇಳಿದ್ದೆ.

“ಅದರಾಗೇನೈತೋ? ಸುಮ್ಮನ ಹೊತಗೊಂಡು ಹೋಗೂದು ಹೆಣ್ಣು. ಹೊರಾಕ ಮೊದ್ಲ ಊರಿಗೆಲ್ಲಾ ಕೇಳೂಹಂಗ ಒದರೂದು ಗಂಡು.”

ಅಪ್ಪ ಅಲ್ಲೇ ಕೂತು ಪೇಪರ್ ಓದುತ್ತಿದ್ದರು. ಪೇಪರನ್ನು ಇನ್ನಷ್ಟು ಮೇಲಕ್ಕೆ ಹಿಡಿದರು.

ಆಗ ನಾನು ರಾಣೆಬೆನ್ನೂರಿನಲ್ಲಿ ಒಂದು ಬೀಜದ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಹೈವೇ ಅಗಲ ಮಾಡುತ್ತಿದ್ದ ವರ್ಷಗಳು. ರಸ್ತೆಯ ಅರ್ಧ ಭಾಗ ಕೆಂಪು ಮಣ್ಣು, ಉಳಿದರ್ಧ ಹೊಸ ಡಾಂಬರು. ಬಸ್ಸಿನ ಕಿಟಕಿಯಲ್ಲಿ ತಲೆಯಿಟ್ಟು ಅರೆನಿದ್ದೆಯಲ್ಲಿ ಹೋಗುವಾಗ, ಆ ಹೊಸ ಡಾಂಬರಿನ ಮೇಲೆ ನಾನೇ ಗಾಡಿ ಓಡಿಸಿಕೊಂಡು ಹೋಗುತ್ತಿರುವಂತೆ ಕಾಣುತ್ತಿತ್ತು. ಗಾಡಿಯೂ ಎಂಥದು? ಆಗ ಊರಲ್ಲಿ ಎಲ್ಲರ ಹತ್ತಿರ ಇದ್ದ ಚೂಪು ಮೂತಿಯ, ಸ್ಟಿಕ್ಕರು ಬಳಿದುಕೊಂಡ ಬೈಕಲ್ಲ. ಹಳೇ ಕಾಲದ್ದು. ದುಂಡು ದೀಪ, ನೀರಹನಿಯಂಥ ಟ್ಯಾಂಕು, ಸ್ಪ್ರಿಂಗು ಹಾಕಿದ ಬೇರೆ ಬೇರೆ ಸೀಟು, ಬಲಗಾಲಿಗೆ ಗೇರು. ಡುಗ್ ಡುಗ್ ಅಂತ ಸದ್ದು. ಆ ಸದ್ದು ಕನಸಿನಲ್ಲೂ ಬರುತ್ತಿತ್ತು. ಎದ್ದು ನೋಡಿದರೆ ಪಕ್ಕದ ಮನೆಯ ಹಿಟ್ಟಿನ ಗಿರಣಿ.

ಅಂಥ ಗಾಡಿ ಬ್ಯಾಡಗಿಯಲ್ಲಿ ಈರಪ್ಪ ಕಾಕಾನ ಹತ್ತಿರ ಇದೆ ಎಂದು ಹೇಳಿದವರು ಅಪ್ಪನೇ. ಈರಪ್ಪ ಕಾಕಾ ಅಪ್ಪನ ಹಳೇ ಗೆಳೆಯ, ಮೆಣಸಿನಕಾಯಿ ದಲಾಲಿ. ಮೊಣಕಾಲು ನೋವು ಶುರುವಾಗಿ ಕಿಕ್ ಹೊಡೆಯುವುದು ಆಗುತ್ತಿರಲಿಲ್ಲವಂತೆ. ರೊಕ್ಕದ ಮಾತನ್ನು ಅವರಿಬ್ಬರೇ ಮುಗಿಸಿಕೊಂಡರು. ನಾನು ಹೋಗಿ ತರುವುದಷ್ಟೇ ಬಾಕಿ.

ಬೇಸಿಗೆಯ ಕೊನೆ ಅದು. ಮೋಟೆಬೆನ್ನೂರಿನಲ್ಲಿ ಹೈವೇ ಬಿಟ್ಟು ಬಸ್ಸು ಒಳಗೆ ತಿರುಗಿದ ಸ್ವಲ್ಪ ಹೊತ್ತಿಗೆ ಗಾಳಿಯ ವಾಸನೆಯೇ ಬದಲಾಗಿತ್ತು. ಕಾಕಾನ ಗೋದಾಮಿನ ಬಾಗಿಲು ತೆಗೆದಾಗ ಮೊದಲು ಕಂಡದ್ದು ಕೆಂಪು ಕತ್ತಲು. ಚೀಲಗಳ ಸಾಲು, ಮೇಲಿನ ಹೆಂಚಿನ ಸಂದಿಯಿಂದ ಇಳಿದ ಬಿಸಿಲು, ಆ ಬಿಸಿಲಿನಲ್ಲಿ ತೇಲುತ್ತಿದ್ದ ಕೆಂಪು ಧೂಳು. ಮೂಲೆಯಲ್ಲಿ ತಾಡಪತ್ರಿಯ ಕೆಳಗೆ ಅದು ನಿಂತಿತ್ತು. ಕಾಕಾ ತಾಡಪತ್ರಿ ಎಳೆದ. ಟ್ಯಾಂಕಿನ ಬಣ್ಣವೂ ಮೆಣಸಿನಕಾಯಿಯದೇ. ನಾನು ಎಷ್ಟು ಹೊತ್ತು ಬಾಯಿ ತೆರೆದು ನಿಂತಿದ್ದೆನೋ, ಕಡೆಗೆ ಸೀನು ಬಂದೇ ಬಾಯಿ ಮುಚ್ಚಿದ್ದು.

“ಇಕಿ ಹೆಸರು ಕೆಂಪವ್ವ. ನಮ್ಮ ಗಿರಿಜಾ ಇಟ್ಟದ್ದು,” ಅಂದ ಕಾಕಾ.

ಗಿರಿಜಕ್ಕ ಅವನ ಒಬ್ಬಳೇ ಮಗಳು. ರಾಣೆಬೆನ್ನೂರಿಗೆ ಕೊಟ್ಟು ಇನ್ನೂ ಬಹಳ ದಿನ ಆಗಿರಲಿಲ್ಲ. ಪ್ಯಾಟಿ ಇಲ್ಲದ ದಿನ ಖಾಲಿ ಮಾರ್ಕೆಟ್ ಯಾರ್ಡಿನಲ್ಲಿ ಈ ಗಾಡಿಯನ್ನೇ ಓಡಿಸಿ ಕಲಿತವಳು. ಹಮಾಲರೆಲ್ಲ ಚೀಲದ ಮೇಲೆ ಕೂತು, ‘ಯವ್ವಾ, ಹೊಳ್ಳಿಸು, ಹೊಳ್ಳಿಸು’ ಅಂತ, ಅಂದರೆ ತಿರುಗಿಸು ಅಂತ, ಕೂಗುತ್ತಿದ್ದರಂತೆ.

ಅಷ್ಟರಲ್ಲಿ ಶಾಂತಾ ಕಾಕಿ, ಅಂದರೆ ಈರಪ್ಪ ಕಾಕಾನ ಹೆಂಡತಿ, ತಾಟು ಹಿಡಿದು ಬಂದಳು. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಹಸಿರು ಕುಬಸದ ಖಣ. ನೋಡುತ್ತಿದ್ದಂತೆ ನನಗೆ ಅರ್ಥವಾಯಿತು, ಆದರೆ ನಂಬಿಕೆ ಬರಲಿಲ್ಲ. ನಮ್ಮ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹೀಗೆ ಉಡಿ ತುಂಬುತ್ತಾರೆ, ಸೆರಗಿನಲ್ಲಿ. ಕಾಕಿ ಬೈಕಿಗೆ ಉಡಿ ತುಂಬಲು ಬಂದಿದ್ದಳು.

ದುಂಡು ದೀಪದ ಹಣೆಗೆ ಕುಂಕುಮ ಹಚ್ಚಿದಳು. ಆಮೇಲೆ ತಾಟು ಹಿಡಿದುಕೊಂಡು ಗಾಡಿಯನ್ನು ಮೇಲೆ ಕೆಳಗೆ ನೋಡಿದಳು.

“ಇಕೀದು ಉಡಿ ಎಲ್ಲೈತ್ರೀ?”

ಕಾಕಾ ಸ್ವಲ್ಪ ಯೋಚಿಸಿ, ಟೂಲ್ ಬಾಕ್ಸಿನ ಮುಚ್ಚಳ ತೆಗೆದ. “ಇದರಾಗ ಹಾಕು. ಸ್ಪ್ಯಾನರ್ ಸರಿಸಿ ಹಾಕು.”

ಎಲ್ಲ ತುಂಬಿದ ಮೇಲೆ ಕಾಕಿ ಚೀಲದಿಂದ ಒಂದು ಹಿಡಿ ಮೆಣಸಿನಕಾಯಿಯನ್ನೂ ತೆಗೆದು ಹಾಕಿದಳು. “ನಮ್ಮ ಮನಿ ಹೆಣ್ಣು, ನಮ್ಮ ಮನಿ ಮಾಲು ಇಲ್ಲದ ಹೆಂಗ ಕಳಸೂದು?” ಅಂದಳು. ಆಮೇಲೆ ದನಿ ಇಳಿಸಿ ನನ್ನ ಕಡೆ ತಿರುಗಿದಳು. “ತಮ್ಮಾ, ಒಂದು ಮಾತು. ಗಾಡಿ ಮಾರಿದ್ದು ಗಿರಿಜಾಗ ಇನ್ನಾ ಹೇಳಿಲ್ಲ. ಹೇಳಾಕ ಇವರಿಗೆ ಧೈರ್ಯ ಇಲ್ಲ. ನಾಗರ ಪಂಚಮಿಗೆ ಬರ್ತಾಳ ಆಕಿ. ಅವತ್ತು ಕೆಂಪವ್ವನ್ನೂ ಕರಕೊಂಡು ಬಾ.”

“ಬರ್ತೇನಿ ಕಾಕಿ, ಅದರಾಗೇನೈತಿ?”

“ಅಷ್ಟ ಅಲ್ಲೋ,” ಅಂದ ಕಾಕಾ, ನೆಲ ನೋಡುತ್ತ. “ಗಾಡಿ ಕಾಗದ ನಿನ್ನ ಹೆಸರಿಗೆ ಮಾಡೂದು ಪಂಚಮಿ ಆದಮ್ಯಾಲೆ. ಆಕಿ ಒಲ್ಲೆ ಅಂದ್ಲಂದ್ರ ಗಾಡಿ ವಾಪಸ್ ಕೊಡಬೇಕಾಗ್ತೈತಿ. ನಿಮ್ಮಪ್ಪಗೂ ಹೇಳೇನಿ. ಅಲ್ಲಿತನಕ ನೀನ ಇಟಗೊ, ಓಡಸು.”

ಹೂಂ ಅಂದೆ. ಕನಸು ಎದುರಿಗೆ ನಿಂತಿರುವಾಗ ಯಾವ ಕರಾರಿಗೆ ಯಾರು ಇಲ್ಲ ಅಂದಾರು? ಪಂಚಮಿ ಇನ್ನೂ ದೂರವಿತ್ತು. ದೀಪದ ಮೇಲಿನ ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬರುವಂತೆ ಕಿಕ್ಕನ್ನು ಮೆಲ್ಲಗೆ ಒತ್ತಿ, ಆಮೇಲೆ ಮೈಭಾರ ಬಿಟ್ಟು ಒದೆಯಬೇಕೆಂದು ಕಾಕಾ ಕಲಿಸಿಕೊಟ್ಟ. ಡುಗ್ ಡುಗ್ ಶುರುವಾಯಿತು. ಕಾಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಧೂಳಿಗೋ ದುಃಖಕ್ಕೋ ನಾನು ಕೇಳಲಿಲ್ಲ.

ಹಾವೇರಿಯಲ್ಲಿ ಆಯಿ ಸುತ್ತು ಹಾಕಿದಳು. ಸೀಟು ಒತ್ತಿದಳು. ಟೂಲ್ ಬಾಕ್ಸು ನೋಡಿದಳು. ಅಲ್ಲಿಗೆ ಪರೀಕ್ಷೆ ಮುಗಿಯಿತು.

“ಉಡಿ ತುಂಬಿಸ್ಕೊಂಡು ಬಂದಾಳ. ಹೆಣ್ಣ.”

“ಆಯಿ, ನೀನ ಹೇಳೀದಿಯಲ್ಲ, ಒದರೂದು ಗಂಡು ಅಂತ. ಇದರ ಸದ್ದು ದೇವಗಿರಿತನಕ ಕೇಳತೈತಿ. ಇದು ಗಂಡ. ಹೆಸರು ಸರ್ದಾರ.”

“ಒದರತೈತಿ ಖರೇ. ಒದರಿದ್ರ ಹೆಣ್ಣಲ್ಲೇನು? ನಾ ನಿಮ್ಮಜ್ಜನ ಮ್ಯಾಲೆ ಎಷ್ಟು ಒದರೇನಿ ನಿನಗೇನ್ ಗೊತ್ತು?”

ನಾನು ಕೇಳಲಿಲ್ಲ. ನನಗೆ ನನ್ನದೇ ಒಂದು ಲೆಕ್ಕವಿತ್ತು. ಆ ವಯಸ್ಸಿನಲ್ಲಿ ಮೀಸೆ ಸರಿಯಾಗಿ ಬರದಿದ್ದವನಿಗೆ ಗಾಡಿಯಾದರೂ ಗಂಡಾಗಿರಬೇಕು ಅನ್ನಿಸುವುದು ಸಹಜ ತಾನೇ? ಬೋರ್ಡು ಬರೆಯುವವನ ಹತ್ತಿರ ಹೋಗಿ, ಟೂಲ್ ಬಾಕ್ಸಿನ ಮುಚ್ಚಳದ ಮೇಲೆ ಹಳದಿ ಬಣ್ಣದಲ್ಲಿ ‘ಸರ್ದಾರ’ ಅಂತ ದೊಡ್ಡದಾಗಿ ಬರೆಸಿದೆ. ಕೆಳಗೊಂದು ಕತ್ತಿ. ಕತ್ತಿ ಬಾಳೆಹಣ್ಣಿನಂತೆ ಬಂತು. ಹೆಸರು ಬರೆಸಿದರೆ ಗಾಡಿ ನನ್ನದೇ ಆಗಿಬಿಡುತ್ತದೆ ಅಂತ ಒಳಗೊಳಗೆ ಅಂದುಕೊಂಡಿದ್ದೆ ಅನ್ನಿಸುತ್ತದೆ. ಉಡಿಯ ಹಸಿರು ಖಣ ಮೆತ್ತಗಿತ್ತು, ಟ್ಯಾಂಕು ಒರೆಸಲು ಬಹಳ ಚೆನ್ನಾಗಿತ್ತು. ಆಯಿ ನೋಡಿ ಕೈಯಿಂದ ಕಿತ್ತುಕೊಂಡಳು. “ಹುಚ್ಚಪ್ಯಾಲಿ! ಖಣದ್ಲೆ ಯಾರರ ಎಣ್ಣಿ ಒರಸ್ತಾರೇನು?” ಅಂತ ಬೈದು, ಒಗೆದು, ಮಡಚಿ ಮತ್ತೆ ಅಲ್ಲೇ ಇಟ್ಟಳು.

ಆ ತಿಂಗಳುಗಳು ಹೇಗೆ ಹೋದವು ಅಂತ ಕೇಳಬೇಡಿ. ಬೆಳಿಗ್ಗೆ ರಾಣೆಬೆನ್ನೂರಿಗೆ, ಸಂಜೆ ಹಾವೇರಿಗೆ. ಹೊಸ ಡಾಂಬರು, ಎರಡೂ ಕಡೆ ಮೊದಲು ಬರಿ ಮಣ್ಣು, ಆಮೇಲೆ ಮೊಳಕೆ, ಆಮೇಲೆ ಮೊಣಕಾಲೆತ್ತರದ ಗೋವಿನಜೋಳ. ಇಂಜಿನ್ನಿನ ಲಯಕ್ಕೆ ತಲೆಯಲ್ಲಿ ಏನೇನೋ ಹಾಡು ತಾನಾಗಿ ಹುಟ್ಟುತ್ತಿತ್ತು, ಗಾಡಿ ನಿಂತರೆ ಮರೆತುಹೋಗುತ್ತಿತ್ತು. ಭಾನುವಾರ ಪೂರ್ತಿ ಬಿಚ್ಚುವುದು, ಜೋಡಿಸುವುದು. ಜೋಡಿಸಿದ ಮೇಲೆ ಯಾವಾಗಲೂ ಒಂದು ವಾಷರ್ ಉಳಿಯುತ್ತಿತ್ತು. ಯಾರೂ ಕಲಿಸಿದವರಿಲ್ಲ, ಗಾಡಿಯೇ ಕಲಿಸಿತು. ಕ್ಲಚ್ಚು ವಿಪರೀತ ಬಿಗಿಯಿತ್ತು. ಕೇಬಲ್ ಬದಲಿಸಿ, ಲಿವರ್ ತಿದ್ದಿ, ಬೆಣ್ಣೆಯಂತೆ ಮಾಡಿದೆ. ಮಾಡಿದ ದಿನ ಸುಮ್ಮನೆ ಕೂತು ಕ್ಲಚ್ ಹಿಡಿಯುವುದು, ಬಿಡುವುದು. ಆಯಿ ಬಾಗಿಲಿನಿಂದ, “ಆಕೀ ಕೈ ಬಿಡೋ, ಉಣ್ಣಾಕ ಬಾ,” ಅಂದಳು.

ಶ್ರಾವಣ ಬಂತು. ಪಂಚಮಿಯ ಹಿಂದಿನ ದಿನ ನನಗೆ ಊಟ ಸೇರಲಿಲ್ಲ. ಆಯಿ ಎಳ್ಳುಂಡಿ ಕಟ್ಟುತ್ತ ಕೂತಿದ್ದಳು.

“ಆಯಿ, ಆಕಿ ಒಲ್ಲೆ ಅಂದ್ರ?”

“ಕೊಟ್ಟು ಬರಬೇಕು.”

“ನಾ ಹೆಸರೂ ಬರಸೇನಿ.”

ಆಯಿಯ ಕೈ ನಿಂತಿತು. “ನನಗೂ ಬದ್ಲಿ ಮಾಡಿದ್ರು,” ಅಂದಳು. “ಮದುವಿ ಆದ ದಿನ. ತಾಟಿನ ಅಕ್ಕ್ಯಾಗ ಬರದ್ರು, ಪಾರ್ವತಿ ಅಂತ. ನಿನಗ ಹಿಡಸ್ತೋ ಇಲ್ಲೋ ಅಂತ ಯಾರೂ ಕೇಳಲಿಲ್ಲ. ಎಷ್ಟೋ ದಿನ ಯಾರರ ಪಾರ್ವತಿ ಅಂದ್ರ ನಾ ಹಿಂದ ಹೊಳ್ಳಿ ನೋಡ್ತಿದ್ದೆ, ಯಾರನ್ನ ಕರ್ಯಾಕತ್ತಾರ ಅಂತ.”

ನಾನು ಹುಟ್ಟಿದಾಗಿನಿಂದ ಆಯಿಯ ಹೆಸರು ಪಾರ್ವತವ್ವ. ರೇಷನ್ ಕಾರ್ಡಿನಲ್ಲೂ ಅದೇ. ಅದಕ್ಕೂ ಮೊದಲು ಆಕೆಗೊಂದು ಹೆಸರಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಕೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಆಕೆ ಉಂಡಿಯ ಕಡೆ ತಿರುಗಿದ್ದಳು.

ಬೆಳಿಗ್ಗೆ ಎದ್ದು, ಪೆಟ್ರೋಲು ಅದ್ದಿದ ಬಟ್ಟೆಯಿಂದ ‘ಸರ್ದಾರ’ನನ್ನು ಒರೆಸಲು ಹೋದೆ. ಅಕ್ಷರ ಹೋಯಿತು, ಕತ್ತಿಯೂ ಹೋಯಿತು, ಬಣ್ಣ ಮಾತ್ರ ಮುಚ್ಚಳದ ತುಂಬ ಹರಡಿಕೊಂಡಿತು. ಉಜ್ಜಿದಷ್ಟೂ ಹಳದಿ. ಹಾಗೇ ಹೊರಟೆ. ಜಿನುಗು ಮಳೆ. ಹೈವೇಯ ಮೇಲೆ ಮೋಡ ಎಷ್ಟು ಕೆಳಗಿತ್ತೆಂದರೆ, ನಾನು ರಸ್ತೆಯ ಮೇಲೆ ಹೋಗುತ್ತಿದ್ದೇನೋ ಮೋಡದ ಒಳಗೋ ತಿಳಿಯುತ್ತಿರಲಿಲ್ಲ. ಮೋಟೆಬೆನ್ನೂರಿನ ತಿರುವು ಇವತ್ತೊಂದು ದಿನ ಬರದಿರಲಿ ಅನ್ನಿಸಿತು. ಬಂತು.

ಗೋದಾಮಿನಲ್ಲಿ ಈಗ ಚೀಲಗಳಿರಲಿಲ್ಲ. ತೊಲೆಗೆ ಜೋಕಾಲಿ ಕಟ್ಟಿದ್ದರು. ಜೋಕಾಲಿಯ ಮೇಲೆ ನಿಂತು ಜೀಕುತ್ತಿದ್ದವಳೇ ಗಿರಿಜಕ್ಕ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಸದ್ದು ಕೇಳಿದ್ದೇ ತಡ, ಜೋಕಾಲಿ ಇನ್ನೂ ಆಡುತ್ತಿರುವಾಗಲೇ ಹಾರಿ ಇಳಿದು ಬಂದಳು. ನನ್ನನ್ನು ನೋಡಲಿಲ್ಲ. ಗಾಡಿಯ ದೀಪದ ಮೇಲೆ ಕೈಯಿಟ್ಟಳು. ಆಮೇಲೆ ತನ್ನ ಅಪ್ಪನ ಕಡೆ ತಿರುಗಿದಳು.

“ನಿನ್ನೆ ಕೇಳಿದ್ರ ರಿಪೇರಿಗೆ ಹೋಗೈತಿ ಅಂದಿ.”

ಕಾಕಾ ಮೊಣಕಾಲು ಸವರಿಕೊಂಡ. “ನಿಂಗ ಹೆಂಗ ಹೇಳಬೇಕೋ ತಿಳೀಲಿಲ್ಲವಾ.”

“ನನ್ನ ಕಳಿಸಿದಿ. ಬೆನ್ನ ಹಿಂದ ಆಕೀನೂ ಕಳಿಸಿಬಿಟ್ಟಿ. ಇಲ್ಲಿ ನಂದು ಅನ್ನೂದು ಇನ್ನೇನ್ ಉಳೀತಪ್ಪಾ?”

ಕಾಕಿ ಏನಾದರೂ ಹೇಳಬೇಕೆಂದು ಮುಚ್ಚಳ ನೋಡಿ, “ಛಲೋ ಮಾಡೀಯಪ್ಪಾ ತಮ್ಮಾ, ತವರಿಗೆ ಬರೂಮುಂದ ಅರಿಷಿಣ ಹಚ್ಚಿ ಕರಕೊಂಡು ಬಂದೀದಿ,” ಅಂದಳು. ನಾನು ತಲೆಯಾಡಿಸಿದೆ. ಬಾಳೆಹಣ್ಣಿನಂಥ ಕತ್ತಿಯ ವಿಷಯ ಹೇಳುವ ಸಮಯ ಅದಾಗಿರಲಿಲ್ಲ.

ಗಿರಿಜಕ್ಕ ನನ್ನ ಮುಂದೆ ಕೈ ಚಾಚಿದಳು. ಚಾವಿ ಕೊಟ್ಟೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಒಂದೇ ಕಿಕ್ಕಿಗೆ ಚಾಲೂ ಮಾಡಿ ಹೋದಳು.

ಕಟ್ಟೆಯ ಮೇಲೆ ಕಾಕಾ ಮತ್ತು ನಾನು ಕೂತೆವು. ಸದ್ದು ಯಾರ್ಡಿನ ಕಡೆ ಹೋಯಿತು. ಗೋಡೆಗಳಿಗೆ ಬಡಿದು ಎರಡಾಯಿತು, ಮತ್ತೆ ಒಂದಾಯಿತು. ಸ್ಟೇಷನ್ನಿನ ಕಡೆ ತಿರುಗಿತು. ಆಗಲೇ ಒಂದು ಗೂಡ್ಸ್ ರೈಲು ಬಂತು. ರೈಲು ಹೋದ ಮೇಲೆ ಕಿವಿಗೊಟ್ಟು ಕೇಳಿದರೆ ಏನೂ ಇಲ್ಲ. ಬರೀ ಮಳೆ, ಖಾಲಿ ಜೋಕಾಲಿಯ ಹಗ್ಗದ ಕಿರ್ ಕಿರ್. ಕಾಕಿ ಕೈಗೆ ಉಂಡಿ ಕೊಟ್ಟಳು. ಯಾವ ಉಂಡಿ ಅಂತ ನಾಲಿಗೆಗೆ ಗೊತ್ತಾಗಲಿಲ್ಲ. ಅಷ್ಟು ಹೊತ್ತು ನಾನು ಗಾಡಿ ಇಲ್ಲದವನಾಗಿ ಬದುಕಿ ನೋಡಿದೆ. ಬಸ್ಸಿನ ಕಿಟಕಿ, ಅರೆನಿದ್ದೆ, ಗಿರಣಿಯ ಸದ್ದು, ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ವಿಚಿತ್ರವೆಂದರೆ, ಆಕೆ ಹೊಳ್ಳಿ ಬರದೆ ಹಾಗೇ ಎಲ್ಲಿಗಾದರೂ ಹೋಗಿಬಿಡಲಿ ಅಂತಲೂ ಒಂದು ಗಳಿಗೆ ಅನ್ನಿಸಿತು.

ಸದ್ದು ಮತ್ತೆ ಬಂತು, ಹೋದ ದಿಕ್ಕಿನಿಂದಲ್ಲ, ಇನ್ನೊಂದು ಕಡೆಯಿಂದ. ಊರನ್ನೇ ಸುತ್ತಿ ಬಂದಿದ್ದಳು. ಇಳಿದು, ನಿಲ್ಲಿಸಿ, ಎಡಗೈಯ ಬೆರಳು ಬಿಚ್ಚಿ ಮುಚ್ಚಿ ನೋಡಿಕೊಂಡಳು.

“ಕ್ಲಚ್ ಹಗೂರ ಮಾಡಿದಾವ್ರು ಯಾರು?”

“ನಾನ್ರೀ ಅಕ್ಕಾರ.”

“ನಂಗ ಕೈ ಸೆಳೀತಿತ್ತು. ಮಾಡಸಪ್ಪಾ ಅಂತ ಇವರಿಗೆ ಹೇಳಿ ಹೇಳಿ ಸಾಕಾತು.” ಕಾಕಾ ಮಳೆಯನ್ನು ನೋಡುತ್ತಿದ್ದ. “ನಿಮ್ಮ ಮನ್ಯಾಗ ಏನಂತ ಕರೀತೀರಿ ಇಕಿಗೆ?”

“ಸರ್ದಾರ,” ಅಂದೆ. ದನಿ ಹೊರಗೆ ಬಂದಿತೋ ಇಲ್ಲವೋ.

ಆಕೆ ಮೊದಲು ಮುಚ್ಚಳ ನೋಡಿದಳು, ಆಮೇಲೆ ನನ್ನ ಮೀಸೆ ನೋಡಿದಳು. ಜೋರಾಗಿ ನಕ್ಕಳು. ನಗು ನಿಂತ ಮೇಲೆ ಅಂದಳು: “ಅಲ್ಲಿ ಗಂಡನ ಮನ್ಯಾಗ ನನ್ನ ಶೋಭಾ ಅಂತಾರ. ನಾ ಓ ಅಂತೇನಿ. ಇಲ್ಲಿ ಬಂದ್ರ ಗಿರಿಜಾ. ಇಕೀಗೂ ಹಂಗ ಇರಲಿ. ನಿಮ್ಮೂರಾಗ ಏನರ ಕರೀರಿ. ಪಂಚಮಿಗೆ ಇಲ್ಲಿ ಬರಬೇಕು, ಇಲ್ಲಿ ಕೆಂಪವ್ವ ಅನ್ನಬೇಕು. ಬರ್ತೀರೇನು?”

“ಬರ್ತೇನ್ರೀ. ಪ್ರತಿ ವರ್ಷ ಬರ್ತೇನಿ.”

“ಹಂಗಾರ ಕಾಗದ ಕೊಡಪ್ಪಾ,” ಅಂದಳು ಕಾಕಾನಿಗೆ. ಆಮೇಲೆ ಮೆಲ್ಲಗೆ, “ಆದ್ರ ನನ್ನ ಕೇಳಬೇಕಿತ್ತು.”

“ಕೇಳಬೇಕಿತ್ತವಾ,” ಅಂದ ಕಾಕಾ.

ಸಂಜೆ ಮನೆಗೆ ಬಂದು ಆಯಿಗೆ ಎಲ್ಲ ಹೇಳಿದೆ. ಆಯಿ ಸುಮ್ಮನೆ ಕೇಳಿ, “ನಾಳೆ ನನ್ನ ಮೇಡ್ಲೇರಿಗೆ ಒಯ್ತೀಯೇನು?” ಅಂದಳು. ಮೇಡ್ಲೇರಿ ಆಕೆಯ ತವರು. ಅಣ್ಣತಮ್ಮಂದಿರು ತೀರಿಕೊಂಡ ಮೇಲೆ ಆಕೆ ಅತ್ತ ಹೋಗಿರಲಿಲ್ಲ.

ರಾಣೆಬೆನ್ನೂರು ದಾಟಿ, ನೀರಾವರಿ ಹೊಲಗಳ ನಡುವೆ, ಹೊಳೆಯ ಗಾಳಿ ಮುಖಕ್ಕೆ ಬಡಿಯುತ್ತಿರಲು ಹೋದೆವು. ಆಯಿ ಹಿಂದೆ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂತು, ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಒಂದು ಓಣಿಯಲ್ಲಿ ನಿಲ್ಲಿಸಿದೆ. ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ ಒಬ್ಬ ಮುದುಕಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ನೋಡಿ, ಮೊರವನ್ನು ಅಲ್ಲೇ ಬಿಟ್ಟು ಕೂಗಿದಳು:

“ಏ ನೀಲೀ! ನಮ್ಮ ನೀಲಿ ಅಲ್ಲೇನಬೇ ನೀ?”

ನನ್ನ ಅಂಗಿ ಹಿಡಿದಿದ್ದ ಮುಷ್ಟಿ ಬಿಚ್ಚಿತು. ಆಯಿ ಈ ಸಲ ಹಿಂದೆ ಹೊಳ್ಳಿ ನೋಡಲಿಲ್ಲ. “ಹೂನಬೇ, ನಾನ,” ಅಂತ ಗಾಡಿಯಿಂದ ಇಳಿದ ರೀತಿ ನೋಡಬೇಕಿತ್ತು. ಮೊಣಕಾಲು ನೋವಿನ ನನ್ನ ಆಯಿ ಅಲ್ಲ ಅದು. ಯಾರೋ ಒಬ್ಬ ಹುಡುಗಿ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಆ ಮುಚ್ಚಳಕ್ಕೆ ನಾನು ಬೇರೆ ಬಣ್ಣ ಹಚ್ಚಿಸಿಲ್ಲ, ಹಳದಿ ಹಾಗೇ ಇದೆ. ಮತ್ತೆ ಯಾವ ಹೆಸರನ್ನೂ ಬರೆಸಿಲ್ಲ. ನಾಳೆ ಪಂಚಮಿ, ಅದಕ್ಕೇ ಗಾಡಿ ತೊಳೆಯಲು ಇಳಿದಿದ್ದು, ಅದಕ್ಕೇ ಈ ಸೀನು. ಕಾಕಿ ವರ್ಷ ವರ್ಷವೂ ಹೊಸದಾಗಿ ಒಂದು ಹಿಡಿ ಮೆಣಸಿನಕಾಯಿ ತುಂಬುತ್ತಾಳೆ. ನಾಳೆ ಬ್ಯಾಡಗಿ, ನಾಡಿದ್ದು ಮೇಡ್ಲೇರಿ. ಒಳಗಿನಿಂದ ಆಯಿ, “ಕೆಂಪವ್ವಗ ಮೈ ತೊಳದಿಯೇನೋ?” ಅಂತ ಕೂಗುತ್ತಿದ್ದಾಳೆ. “ತೊಳ್ಯಾಕತ್ತೇನಿ ನೀಲವ್ವಾ,” ಅಂದೆ. ಅಡಿಗೆಮನೆಯಿಂದ, “ಭಾಳ ಆತು ನಿಂದು,” ಅಂತ ಬಂತು. ನಗುತ್ತಿದ್ದಳು, ಗೊತ್ತಾಯಿತು.

ಈಗ ನಿಮ್ಮ ಸರದಿ. ನಿಮ್ಮ ಮನೆಯ ಗಾಡಿ ಗಂಡೋ ಹೆಣ್ಣೋ, ಹೆಸರೇನು, ಯಾರಿಟ್ಟರು, ಬರೆದು ತಿಳಿಸಿ. ಹಾಗೇ ನಿಮ್ಮ ಆಯಿಯನ್ನು ತವರಿನಲ್ಲಿ ಏನಂತ ಕರೆಯುತ್ತಿದ್ದರು ಅನ್ನುವುದನ್ನೂ ಬರೆಯಿರಿ. ಗೊತ್ತಿಲ್ಲವೇ? ಪರವಾಗಿಲ್ಲ, ಎದ್ದು ಹೋಗಿ ಕೇಳಿಕೊಂಡು ಬನ್ನಿ. ಈ ಸಲ ನಾನು ತಡೆಯುತ್ತೇನೆ.